ಚಿಕ್ಕಣ್ಣ ನುಂಗಿಕೊಂಡ ‘ಹಾವೋ’

ನನಗೆ ಇಬ್ಬರು ಅಣ್ಣಂದಿರು. ದೊಡ್ಡವನು ಮಣ್ಣಿನ ಬೊಂಬೆ. ಮದುವೆಯಾಗಿ ಬಹಳ ದಿನ ಮಕ್ಕಳಾಗಲಿಲ್ಲವೆಂದು ನಮ್ಮಮ್ಮ ಕಡಲದೇವಿಯ ಗುಡಿಗೆ ಹೋಗಿ, ದೇವಿಯ ಕಾಲ ಬಳಿ ಇಟ್ಟಿದ್ದ ಬೊಂಬೆಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿ ಮನೆಗೆ ತಂದಳು. ಅವನೇ ನಮ್ಮ ಮನೆಯ ಹಿರಿಮಗ. ಆಮೇಲೆ ಹೊಟ್ಟೆಯಲ್ಲಿ ಹುಟ್ಟಿದವನು ಎಷ್ಟು ಗಂಟಲು ಹರಿದುಕೊಂಡು ಅತ್ತರೂ ಎರಡನೆಯವನೇ. ತಿಯಾನ್‌ಜಿನ್ ಊರಿನ ಹಳೆಯ ಮನೆಗಳಲ್ಲೆಲ್ಲ ಇದೇ ಲೆಕ್ಕ. ಹಾಗಾಗಿ ನಮ್ಮ ಬೀದಿಯಲ್ಲಿ ಯಾವ ಗಂಡಸನ್ನೂ ದೊಡ್ಡಣ್ಣ ಎಂದು ಕರೆಯುವಂತಿಲ್ಲ. ಕರೆದರೆ, ನಾನೇನು ಮಣ್ಣಿನವನೇ ಎಂದು ಜಗಳಕ್ಕೆ ಬರುತ್ತಾರೆ. ಎಲ್ಲರೂ ಚಿಕ್ಕಣ್ಣಂದಿರೇ.

ನನ್ನ ಚಿಕ್ಕಣ್ಣನ ಹೆಸರು ಮೆಂಗ್ ಬಾವ್‌ತಾಂಗ್. ಓದು ಅವನಿಗೆ ಅಷ್ಟಕ್ಕಷ್ಟೆ. ಮೀಸೆ ಚಿಗುರುವ ಮೊದಲೇ ಸೈಕಲ್ ಕಾರ್ಖಾನೆ ಸೇರಿದ, ಅವನನ್ನು ಹಾಕಿದ್ದು ಬೆಲ್ಲಿನ ವಿಭಾಗಕ್ಕೆ. ಬೆಲ್ಲುಗಳು ಒಂದರ ಹಿಂದೊಂದು ಸಾಲಾಗಿ ಬರುತ್ತಿದ್ದವು, ಇವನು ಹೆಬ್ಬೆರಳಿನಿಂದ ಒತ್ತಿ ನಾದ ಕೇಳುತ್ತಿದ್ದ. ಚೆನ್ನಾಗಿದ್ದರೆ ಬಲಗಡೆಯ ಬುಟ್ಟಿಗೆ, ಒಡಕಿದ್ದರೆ ಎಡಗಡೆಯ ಬುಟ್ಟಿಗೆ. ಕಾರ್ಖಾನೆ ಮುಚ್ಚುವ ತನಕ ಅದೇ ಕೆಲಸ. ಊರಿನ ಅರ್ಧ ಸೈಕಲ್ಲುಗಳ ಬೆಲ್ಲು ತನ್ನ ಹೆಬ್ಬೆರಳು ದಾಟಿ ಬಂದದ್ದೆಂದು ಜಂಬ ಕೊಚ್ಚುತ್ತಿದ್ದ. ಆ ಕೆಲಸ ಅವನ ಸ್ವಭಾವವನ್ನೇ ಕೆಡಿಸಿತೆಂದು ನನ್ನ ಅನಿಸಿಕೆ. ಬಲ ಇಲ್ಲವೇ ಎಡ, ದಾಕ್ಷಿಣ್ಯಕ್ಕೆ ಎಂದು ಅವನಲ್ಲಿ ಮೂರನೆಯ ಬುಟ್ಟಿಯೇ ಇಲ್ಲ.

ನನ್ನದು ಬೀದಿ ಮೂಲೆಯಲ್ಲಿ ಹೆಸರುಹಿಟ್ಟಿನ ದೋಸೆಯ ಗಾಡಿ. ದೋಸೆಯ ಮೇಲೆ ಮೊಟ್ಟೆ ಒಡೆದು ಹರಡಿ, ಹಿಟ್ಟಿನ ಕರಿದ ಕಡ್ಡಿಯನ್ನು ಒಳಗಿಟ್ಟು, ಮಡಿಸಿ ಕೊಡುತ್ತೇನೆ. ಜನ ತಮ್ಮ ಮನೆಯ ಮೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಸಾಲು ನಿಲ್ಲುತ್ತಾರೆ. ಅತ್ತಿಗೆ ತೀರಿಕೊಂಡ ಮೇಲೆ ಚಿಕ್ಕಣ್ಣನ ಬೆಳಗಿನ ತಿಂಡಿ ನನ್ನಲ್ಲೇ. ತಿಂದು, ಬಾಯಿ ಒರೆಸಿಕೊಂಡು, ಅವನು ಹೇಳುವ ಮಾತು ಒಂದೇ. “ತಿನ್ನಬಹುದು.”

“ಒಡಹುಟ್ಟಿದ ತಂಗಿ ಕಣೋ ನಾನು. ಒಂದಿನ ಚೆನ್ನಾಗಿದೆ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?”

“ಚೆನ್ನಾಗಿದ್ದ ದಿನ ಅಂತೀನಿ.”

ಇಂಥವನಿಗೆ ಹುಚ್ಚು ಅಂದರೆ ನಾಟಕದ ಹಾಡು. ನಮ್ಮೂರಿನ ಜನ ನಾಟಕದ ಮನೆಯಲ್ಲಿ ಚಪ್ಪಾಳೆಯನ್ನು ನಂಬುವವರಲ್ಲ. ಹಾಡಿನದೋ ವಾದ್ಯದ್ದೋ ಒಂದು ತಿರುವು ಮುಗಿದು, ಮುಂದಿನ ಸಾಲು ಎತ್ತಿಕೊಳ್ಳುವ ಮೊದಲು ಉಸಿರು ಬಿಡುವಷ್ಟು ಸಂದಿ ಇರುತ್ತದಲ್ಲ, ಅಲ್ಲಿ “ಹಾವೋ!” ಎಂದು ಕೂಗುತ್ತಾರೆ. ಚೆನ್ನಾಗಿದೆ ಎಂದಷ್ಟೇ ಅರ್ಥ. ಆದರೆ ಸಂದಿ ತಪ್ಪಬಾರದು. ಮುಂಚೆ ಕೂಗಿದವನು ದಡ್ಡ. ತಡವಾಗಿ ಕೂಗಿದರೆ ಅದು ಉಲ್ಟಾ ಹಾವೋ, ತಪ್ಪು ಮಾಡಿದವರನ್ನು ಛೇಡಿಸುವ ಕೂಗು. ಅದನ್ನು ತಿಂದ ಎಂತೆಂಥ ನಟರೋ ಮತ್ತೆ ನಮ್ಮೂರ ಕಡೆ ತಲೆ ಹಾಕಿಲ್ಲ.

ಚಿಕ್ಕಣ್ಣ ಯಾವಾಗಲೂ ಎಡಗಡೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಅವನ ಹಾವೋ ಗಿಡ್ಡ, ಎದೆಯಿಂದ ಬರುವಂಥದ್ದು. ಒಂದು ಸಂಜೆಗೆ ಒಂದು ಬಿದ್ದರೆ ಹೆಚ್ಚು. ಎಷ್ಟೋ ಸಂಜೆ ಅದೂ ಇಲ್ಲ. ಜಿಪುಣ ಎಂದು ಗೆಳೆಯರು ಆಡಿಕೊಂಡರೆ ಅವನ ಉತ್ತರ ಸಿದ್ಧವಿರುತ್ತಿತ್ತು. “ನಾನು ಕೂಗೋದಲ್ಲಪ್ಪ ಅದು. ಅದೇ ಬರಬೇಕು. ಬಿಕ್ಕಳಿಕೆ ಯಾರಾದ್ರೂ ಯೋಚನೆ ಮಾಡಿ ತರಿಸ್ಕೋತಾರಾ?”

ತೊಂಗ್ ಯೂಲಿನ್ ಅವನಿಗೆ ಗೆಳೆಯನಾದದ್ದೂ ಒಂದು ಹಾವೋದಿಂದಲೇ. ತೊಂಗ್ ಜಿಂಗ್‌ಹು ನುಡಿಸುವವನು. ಎರಡೇ ತಂತಿಯ, ಮೊಳಕ್ಕಿಂತ ಸ್ವಲ್ಪ ಉದ್ದದ ಬಿದಿರಿನ ಪಿಟೀಲು ಅದು. ನಾಟಕದಲ್ಲಿ ಹಾಡುವವರ ಬೆನ್ನಿಗೆ ನಿಲ್ಲುವುದೇ ಅದರ ಚೂಪು ದನಿ. ವರ್ಷಗಟ್ಟಲೆ ಸರ್ಕಾರ ನಿಲ್ಲಿಸಿಟ್ಟಿದ್ದ ಹಳೆಯ ನಾಟಕಗಳನ್ನು ಮತ್ತೆ ಆಡಲು ಬಿಟ್ಟ ವರ್ಷ, ಒಂದು ಸಣ್ಣ ಮಂಡಳಿಯ ಹಿರಿಯ ವಾದಕ ಜ್ವರ ಬಂದು ಮಲಗಿದಾಗ ಹುಡುಗ ತೊಂಗ್‌ನನ್ನು ಕೂರಿಸಿದರು. ನಡುವೆ ಅವನ ತಂತಿ ಕಿತ್ತುಹೋಯಿತು. ಸಭೆಯೆಲ್ಲ ಉಲ್ಟಾ ಹಾವೋಗೆ ಬಾಯಿ ತೆರೆದು ಕಾಯುತ್ತಿತ್ತು. ತೊಂಗ್ ತಲೆ ಎತ್ತದೆ, ಉಳಿದ ಒಂದೇ ತಂತಿಯಲ್ಲಿ ತಿರುವನ್ನು ದಡ ಮುಟ್ಟಿಸಿದ. ಸಂದಿಗೆ ಸರಿಯಾಗಿ ಹಿಂದಿನಿಂದ ಚಿಕ್ಕಣ್ಣನ ಹಾವೋ ಬಿತ್ತು, ಅದರ ಹಿಂದೆಯೇ ಇಡೀ ಸಭೆಯದ್ದು. ಆಟ ಮುಗಿದ ಮೇಲೆ ತೊಂಗ್ ಹುಡುಕಿಕೊಂಡು ಬಂದು ಚಿಕ್ಕಣ್ಣನ ಕೈ ಹಿಡಿದುಕೊಂಡನಂತೆ. ಬಿಟ್ಟದ್ದೇ ಇಲ್ಲ ಅನ್ನಬೇಕು.

ಅಂದಿನಿಂದ ತೊಂಗ್ ಎಲ್ಲಿ ನುಡಿಸಿದರೂ ಅವನ ಕಿವಿ ಇರುತ್ತಿದ್ದದ್ದು ಎಡಗಡೆ ಹಿಂದಿನ ಸಾಲಿನಲ್ಲಿ. ಊರೆಲ್ಲ ಹೊಗಳಿ ಚಿಕ್ಕಣ್ಣ ಸುಮ್ಮನಿದ್ದ ದಿನ ಅವನು ಊಟ ಮಾಡದೆ ಮಲಗುತ್ತಿದ್ದ. ಮಂಡಳಿ ಮುಚ್ಚಿತು; ಚಹಾದಂಗಡಿಯಲ್ಲಿ ನುಡಿಸಿದ. ಚಹಾದಂಗಡಿ ಹೋಗಿ ಮೊಬೈಲ್ ಅಂಗಡಿ ಬಂತು. ನದಿ ದಂಡೆಯ ಮಂಟಪದಲ್ಲಿ ನುಡಿಸಿದ. ಹೋದ ಚಳಿಗಾಲ ಎಡಗೈ ಬೆರಳುಗಳು ಬಿಗಿಯತೊಡಗಿದವು. ಔಷಧಿ ಹಚ್ಚಿದ, ಸೂಜಿ ಚುಚ್ಚಿಸಿಕೊಂಡ. ಮಂಟಪಕ್ಕೆ ಬರುವುದು ಕಡಿಮೆಯಾಯಿತು.

ಅಷ್ಟರಲ್ಲಿ ಹೊಸ ರಂಗಮಂದಿರದಿಂದ ಕರೆ ಬಂತು. ಯಾರೋ ಒಬ್ಬ ಸಂಗೀತಗಾರ ನಮ್ಮೂರಿನ ಮೇಲೆ ದೊಡ್ಡ ಸಿಂಫನಿ ಬರೆದಿದ್ದಾನಂತೆ, ಅದರಲ್ಲಿ ಹಳೆಯ ಪೇಟೆ ಬರುವ ಕಡೆ ವಾದ್ಯವೃಂದವೆಲ್ಲ ಸುಮ್ಮನಾಗಿ ಜಿಂಗ್‌ಹು ಒಂದೇ ನುಡಿಯಬೇಕಂತೆ. ಮಂಟಪದಲ್ಲಿ ತೊಂಗ್‌ನನ್ನು ಕೇಳಿದ್ದ ಆ ಸಂಗೀತಗಾರ, ಇವರೇ ಬೇಕು ಎಂದು ಹಟ ಹಿಡಿದನಂತೆ.

ಆ ವಾರ ಒಂದು ಬೆಳಿಗ್ಗೆ ಚಿಕ್ಕಣ್ಣ ದೋಸೆ ತಿನ್ನುತ್ತಿದ್ದಾಗ ತೊಂಗ್ ನನ್ನ ಗಾಡಿಯ ಹತ್ತಿರ ಬಂದ. ಕೈಯಲ್ಲಿ ಮೊಟ್ಟೆ ಇರಲಿಲ್ಲ, ಎರಡು ಟಿಕೇಟು ಇದ್ದವು.

“ಅಕ್ಕಾ, ನಿಂಗೊಂದು, ಇವನಿಗೊಂದು.” ನನಗಿಂತ ಹಿರಿಯನಾದರೂ ಅವನಿಗೆ ನಾನು ಅಕ್ಕನೇ, ನಮ್ಮೂರ ಗಂಡಸರು ಮೊಣಕಾಲೆತ್ತರದ ಹುಡುಗಿಯನ್ನೂ ಅಕ್ಕಾ ಎನ್ನುವವರು. ಆಮೇಲೆ ಚಿಕ್ಕಣ್ಣನ ಕಡೆ ತಿರುಗಿ, “ಭಾನುವಾರ ಮಧ್ಯಾಹ್ನ ಬಾಯಿಗೆ ಬೀಗ ಹಾಕ್ಕೊಂಡು ಬಾ. ಅಲ್ಲಿ ಯಾರೂ ಕೂಗೋ ಹಾಗಿಲ್ಲ. ರೆಕಾರ್ಡ್ ಬೇರೆ ಮಾಡ್ತಾರೆ,” ಎಂದ.

“ಸರಿ.”

“ಒಂದು ಹಾವೋ ಬಿದ್ರೂ ಎಲ್ಲಾ ಕೆಡುತ್ತೆ. ನನ್ನ ಮಾನ ಹೋಗುತ್ತೆ.”

“ಸರಿ ಅಂದೆನಲ್ಲಪ್ಪ.”

ತೊಂಗ್ ಹೋಗಲಿಲ್ಲ. ನನ್ನ ದೋಸೆಹಂಚನ್ನೇ ನೋಡುತ್ತಾ ನಿಂತ. “ಈ ಬೆರಳು ಇನ್ನೂ ನಡೆಯುತ್ತೋ ಇಲ್ವೋ ಅಂತ ಅವತ್ತು ಗೊತ್ತಾಗಿಬಿಡುತ್ತೆ. ನಡೀಲಿಲ್ಲ ಅಂದ್ರೆ ಪೆಟ್ಟಿಗೆ ಮುಚ್ಚಿಬಿಡ್ತೀನಿ. ಮಂಟಪದಲ್ಲಿ ಕೂತು ಕರ್ರೋ ಬರ್ರೋ ಅಂತ ಉಜ್ಜೋ ಆಸೆ ನಂಗಿಲ್ಲ,” ಎಂದು ಹೇಳಿ ಹೊರಟ. ಚಿಕ್ಕಣ್ಣ ದೋಸೆಯ ಕೊನೆಯ ತುತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಅವತ್ತು ತಿನ್ನಬಹುದು ಎಂದೂ ಹೇಳಲಿಲ್ಲ.

ಭಾನುವಾರ ಬಸ್ಸು ಹಿಡಿದು ಹೋದೆವು. ನದಿಯಿಂದ ಗಾಳಿ ಬೀಸುತ್ತಿತ್ತು. ಬಿಸಿಲಿದ್ದರೂ ಚಳಿ ಇನ್ನೂ ಬಿಟ್ಟಿರಲಿಲ್ಲ. ಬಾಗಿಲಲ್ಲಿ ಚೀಲ ನೋಡುವ ಕಾವಲಿನವನು ಬೇರೆ ಸೀಮೆಯವನಿರಬೇಕು, “ದೊಡ್ಡಣ್ಣ, ಫ್ಲಾಸ್ಕ್ ಒಳಗೆ ತಗೊಂಡು ಹೋಗ್ಬೇಡಿ,” ಎಂದ.

“ದೊಡ್ಡಣ್ಣ ಮನೇಲಿದ್ದಾನಪ್ಪ, ಅವನು ಚಹಾ ಕುಡಿಯಲ್ಲ. ಇದು ನಂದು,” ಎಂದ ಚಿಕ್ಕಣ್ಣ. ಪಾಪ, ಅವನಿಗೆ ಒಂದೂ ಅರ್ಥವಾಗಲಿಲ್ಲ. ಫ್ಲಾಸ್ಕ್ ಅಲ್ಲೇ ಉಳಿಯಿತು.

ನಮ್ಮ ಜಾಗ ಎಡಗಡೆ, ಹಿಂದಿನ ಸಾಲು. ತೊಂಗ್ ಆರಿಸಿಯೇ ತಂದಿದ್ದ. ನಾಟಕದ ಮನೆಯಲ್ಲಿ ಇರುವ ಕಲ್ಲಂಗಡಿ ಬೀಜದ ಕಟಕಟ ಇಲ್ಲ, ಬಿಸಿನೀರು ಸುರಿಯುವವನ ಕೂಗಿಲ್ಲ. ಅಷ್ಟು ಜನ ಕೂತಿದ್ದರೂ ಯಾರದೋ ಜಾಕೆಟ್ಟಿನ ಜಿಪ್ಪು ಎಳೆದ ಸದ್ದು ನನಗೆ ಕೇಳಿಸಿತು. ಒಬ್ಬ ಹೆಂಗಸು ಮೊಬೈಲ್ ಎತ್ತಿ ಫೋಟೋ ತೆಗೆಯಲು ಹೋದಳು. ಗೋಡೆ ಪಕ್ಕ ನಿಂತಿದ್ದ ಸಮವಸ್ತ್ರದ ಹುಡುಗಿ ಟಾರ್ಚಿನಂಥದ್ದನ್ನು ಒತ್ತಿದಳು, ಒಂದು ಕೆಂಪು ಚುಕ್ಕೆ ಆ ಮೊಬೈಲಿನ ಮೇಲೆ ಕುಣಿಯಿತು. ಹೆಂಗಸು ತಟ್ಟನೆ ಕೈ ಇಳಿಸಿದಳು.

ಸಿಂಫನಿ ಶುರುವಾಯಿತು. ನನಗೆ ಅದರ ತಲೆಬುಡ ತಿಳಿಯದು, ಆದರೆ ಕೇಳುತ್ತಾ ಕೂತರೆ ಹಿತವಾಗಿತ್ತು. ನದಿ ಬಂದ ಹಾಗೆ, ಹಡಗು ಬಂದ ಹಾಗೆ, ಮಳೆ ಹಿಡಿದ ಹಾಗೆ ಏನೇನೋ ಆಗುತ್ತಿತ್ತು. ಒಂದೆಡೆ ಮೂಲೆಯಲ್ಲಿ ನಿಂತಿದ್ದವನು ಸಣ್ಣದೊಂದು ಕಬ್ಬಿಣದ ತ್ರಿಕೋನವನ್ನು ಟಿಣ್ ಎನಿಸಿದ.

“ಅದು ಬಲಗಡೆ ಬುಟ್ಟಿಗೆ,” ಎಂದು ಚಿಕ್ಕಣ್ಣ ನನ್ನ ಕಿವಿಯಲ್ಲಿ ಉಸುರಿದ. ಕೂಡಲೇ ಕೆಂಪು ಚುಕ್ಕೆ ಬಂದು ಅವನ ಟೋಪಿಯ ಮೇಲೆ ಕೂತಿತು. ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಮನೆಯಲ್ಲಿರುವ ಬೊಂಬೆಯ ಹಾಗೆ ಅಲ್ಲಾಡದೆ ಕೂತ.

ಹಳೆಯ ಪೇಟೆಯ ಭಾಗ ಬಂದಾಗ ತೊಂಗ್ ಮುಂದೆ ಬಂದು ಕೂತ. ಯಾರೋ ಹೊಸ ನಿಲುವಂಗಿ ಹೊಲಿಸಿ ಕೊಟ್ಟಿದ್ದರು, ತೋಳು ಉದ್ದವಾಗಿತ್ತು. ತೊಡೆಯ ಮೇಲೆ ತನ್ನ ಹಳೆಯ ನೀಲಿ ಬಟ್ಟೆ ಹಾಸಿ, ಅದರ ಮೇಲೆ ವಾದ್ಯ ಇಟ್ಟುಕೊಂಡ. ವೃಂದದ ನಿರ್ದೇಶಕ ಕೈ ಇಳಿಸಿದ, ವಾದ್ಯಗಳೆಲ್ಲ ಸುಮ್ಮನಾದವು.

ಕೆಳಗಿನ ತಂತಿಯಲ್ಲಿ ಶುರು ಮಾಡಿದ. ಮೊದಲ ಸಾಲಿನಲ್ಲಿ ಬೆರಳು ಬಿಗಿಯಾಗಿದ್ದದ್ದು ನನಗೂ ತಿಳಿಯಿತು. ಎರಡನೆಯ ಸಾಲಿಗೆ ದನಿ ಬಿಚ್ಚಿಕೊಂಡಿತು. ಆಮೇಲೆ ಏನಾಯಿತೋ, ಆ ಮುದುಕ ಬೆರಳುಗಳನ್ನೇ ಮರೆತವನ ಹಾಗೆ ಮೇಲಿನ ತಂತಿಗೆ ಹತ್ತಿದ, ಹತ್ತಿ ಅಲ್ಲೊಂದು ತಿರುವು ಹಾಕಿದ, ಇಳಿಯುತ್ತಾನೆ ಅಂದುಕೊಂಡರೆ ಇಳಿಯದೆ ಅಲ್ಲೇ ಎಳೆದು ಹಿಡಿದ, ನನ್ನ ಕಣ್ಣಲ್ಲಿ ನೀರು ಬಂದ ಮೇಲೆ ಬಿಟ್ಟ. ಬಿಟ್ಟು, ಕಮಾನನ್ನು ಎತ್ತಿ ಹಿಡಿದು ನಿಲ್ಲಿಸಿದ.

ಆ ಸಂದಿ. ಇಡೀ ಸಭಾಂಗಣದಲ್ಲಿ ಉಸಿರಿನ ಸದ್ದೂ ಇಲ್ಲ. ತೊಂಗ್ ತಲೆಯನ್ನು ಒಂದಿಷ್ಟೇ ನಮ್ಮ ಕಡೆಗೆ ವಾಲಿಸಿದ್ದ. ನಾನು ಪಕ್ಕಕ್ಕೆ ನೋಡಿದೆ. ಚಿಕ್ಕಣ್ಣನ ಕತ್ತಿನ ನರ ಉಬ್ಬಿತ್ತು, ಬಾಯಿ ತೆರೆದಿತ್ತು. ಬಿಸಿತುಪ್ಪ ಬಾಯಿಗಿಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಡಿಲಲ್ಲಿದ್ದ ಟೋಪಿಯನ್ನು ಎತ್ತಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ. ಭುಜ ಒಮ್ಮೆ ಎಗರಿತು, ಅಷ್ಟೆ. ಸಂದಿ ದಾಟಿಹೋಯಿತು. ತೊಂಗ್ ಕಮಾನು ಇಳಿಸಿ ಮುಂದಿನ ಸಾಲು ನುಡಿಸಿದ, ತಪ್ಪಿಲ್ಲದೆ, ಆದರೆ ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವವನ ಹಾಗೆ.

ಕೊನೆಗೆ ಚಪ್ಪಾಳೆ ಬಹಳ ಹೊತ್ತು ನಡೆಯಿತು. ಹೂಗುಚ್ಛ ಕೊಟ್ಟರು, ನಿರ್ದೇಶಕ ತೊಂಗ್‌ನ ಕೈ ಎತ್ತಿಸಿದ. ಚಿಕ್ಕಣ್ಣನೂ ಅಂಗೈ ಕೆಂಪಾಗುವ ಹಾಗೆ ತಟ್ಟಿದ. ಯಾರು ಏನು ಮಾಡಿದರೂ ತಟ್ಟುವ ಚಪ್ಪಾಳೆ ಅದು. ತೊಂಗ್ ತಲೆ ಬಗ್ಗಿಸಿ ನಿಂತಿದ್ದ.

ಕಲಾವಿದರ ಬಾಗಿಲಲ್ಲಿ ಕಾದೆವು. ಹೂಗುಚ್ಛವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ವಾದ್ಯದ ಪೆಟ್ಟಿಗೆ ಹಿಡಿದು ಬಂದ ತೊಂಗ್, ಹೂವನ್ನು ನನ್ನ ಕೈಗೆ ಕೊಟ್ಟ.

“ತಗೋ ಅಕ್ಕಾ. ಗಾಡಿಗೆ ಕಟ್ಕೋ.” ಆಮೇಲೆ ಚಿಕ್ಕಣ್ಣನ ಮುಖ ನೋಡದೆ, “ನಾಳೆಯಿಂದ ಮಂಟಪಕ್ಕೆ ನನ್ನ ಕಾಯ್ಬೇಡ. ಪೆಟ್ಟಿಗೆ ಮುಚ್ಚಿ ಆಯ್ತು,” ಎಂದ.

“ಏನಾಯ್ತೋ ನಿಂಗೆ?”

“ಏನೂ ಆಗ್ಲಿಲ್ಲ. ಅದೇ ಆಗಿದ್ದು.”

ಚಿಕ್ಕಣ್ಣನಿಗೆ ಈಗ ಹೊಳೆಯಿತು. “ಲೋ, ನೀನೇ ತಾನೆ ಕೂಗಬೇಡ ಅಂದೋನು? ಬಾಯಿಗೆ ಬೀಗ ಹಾಕು ಅಂದೋನು?”

“ಅಂದೆ. ನಾನು ಬೇಡ ಅಂದ್ರೆ ನಿಂತುಬಿಡುತ್ತಾ ಅದು? ಬಿಕ್ಕಳಿಕೆ ಥರ ಅಂತ ಜೀವನಪೂರ್ತಿ ಹೇಳ್ಕೊಂಡು ಬಂದೋನು ನೀನು. ಚೆನ್ನಾಗಿದ್ದಿದ್ರೆ ನಿನ್ನ ತಡೆಯೋಕೆ ಯಾವ ರೆಕಾರ್ಡಿಂದ ಆಗ್ತಿತ್ತು? ನೀನು ಸುಮ್ಮನಿರೋಕೆ ಆಯ್ತು ಅಂದ್ರೆ, ಸುಮ್ಮನಿರೋ ಹಾಗೆ ನಾನು ನುಡಿಸಿದೆ ಅಂತ ತಾನೆ?”

“ಬಂದಿತ್ತು ಕಣೋ! ಟೋಪಿ ಕಚ್ಚಿ ತಡೆದೆ. ನೋಡು, ಹಲ್ಲಿನ ಗುರುತು!”

“ಕಟ್ಟಿಸಿದ ಹಲ್ಲು. ಸುಳ್ಳು ಹಲ್ಲಿನ ಸಾಕ್ಷಿ ನಂಗೆ ಬೇಡ.”

“ನಾನು ಕಣ್ಣಾರೆ ನೋಡಿದ್ದೀನಲ್ಲ!” ಎಂದು ನಾನು ಬಾಯಿ ಹಾಕಿದೆ.

“ನೀನು ಅವನ ತಂಗಿ ಅಕ್ಕಾ. ಮೇಲಾಗಿ ನಿನ್ನದು ಮೆದು ಮನಸ್ಸು.” ನನಗೆ ಮೆದು ಮನಸ್ಸೆಂದು ಹೇಳಿದವನು ಈ ಊರಿನಲ್ಲಿ ಅವನೊಬ್ಬನೇ.

ನನಗೆ ರೇಗಿತು. ಇಬ್ಬರಿಗೂ ಎಪ್ಪತ್ತು ದಾಟಿದೆ, ಒಬ್ಬ ಬೇಡ ಅಂದ, ಒಬ್ಬ ಬಿಟ್ಟ, ಈಗ ಅಪ್ಪ ಸತ್ತವರ ಹಾಗೆ ನಿಂತಿದ್ದಾರೆ. “ಅಷ್ಟಕ್ಕೆ ಯಾಕೆ ಇಷ್ಟು ರಾದ್ಧಾಂತ? ಈಗ ಕೂಗಿಬಿಡೋ, ಮುಗೀತು!” ಎಂದೆ.

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

“ಈಗ ಕೂಗಿದ್ರೆ ಉಲ್ಟಾ ಹಾವೋ ಕಣೇ,” ಎಂದ ಚಿಕ್ಕಣ್ಣ. ತೊಂಗ್ ಹೌದು ಎಂದು ತಲೆಯಾಡಿಸಿದ. ಜಗಳದ ನಡುವೆಯೂ ಆ ವಿಷಯದಲ್ಲಿ ಇಬ್ಬರದೂ ಒಂದೇ ಮಾತು.

ಚಿಕ್ಕಣ್ಣ ಸ್ವಲ್ಪ ಹೊತ್ತು ಟೋಪಿಯನ್ನು ಹಿಂದೆ ಮುಂದೆ ತಿರುಗಿಸಿದ. ಆಮೇಲೆ ನದಿ ದಂಡೆಯ ಕಲ್ಲಿನ ಕಟ್ಟೆ ತೋರಿಸಿ, “ಕೂತ್ಕೋ. ತೆಗಿ ಹೊರಗೆ. ಅದನ್ನೇ ಇನ್ನೊಂದು ಸಲ ನುಡಿಸು. ಆ ಜಾಗಕ್ಕೆ ಬಂದಾಗ ತಾನೇ ಬರುತ್ತೆ, ಇಲ್ಲಿ ನನ್ನ ತಡೆಯೋರು ಯಾರೂ ಇಲ್ಲ,” ಎಂದ.

“ಅತ್ತೂ ಕರೆದು ಔತಣ ಹೇಳಿಸ್ಕೊಂಡ ಹಾಗೆ?” ಎಂದ ತೊಂಗ್. ಆದರೂ ಕೂತ. ಆಸೆ ಯಾರನ್ನು ಬಿಟ್ಟಿದೆ?

ನೀಲಿ ಬಟ್ಟೆ ಹಾಸಿದ, ಬೆರಳುಗಳಿಗೆ ಉಸಿರು ಊದಿಕೊಂಡ, ಶುರು ಮಾಡಿದ. ಗಾಳಿಯಲ್ಲಿ ದನಿ ತೆಳ್ಳಗಾಗಿತ್ತು. ಗಾಳಿಪಟ ಹಾರಿಸುತ್ತಿದ್ದ ಮುದುಕನೊಬ್ಬ ದಾರ ಸುತ್ತುತ್ತಾ ಈ ಕಡೆ ನೋಡಿದ. ಎರಡನೆಯ ಸಾಲಿಗೂ ಬೆರಳು ಬಿಡಿಸಿಕೊಳ್ಳಲಿಲ್ಲ. ಮೇಲಿನ ತಂತಿಗೆ ಹತ್ತಿದ, ತಿರುವು ಹಾಕುವಾಗ ಕಿರುಬೆರಳು ಜಾರಿ ಸ್ವರ ಕೀಚಲಾಯಿತು. ಎಳೆದು ಹಿಡಿದ, ಆದರೆ ಎಳೆದದ್ದು ಕಮಾನು ಮಾತ್ರ. ನಿಲ್ಲಿಸಿದ. ಕಮಾನು ಗಾಳಿಯಲ್ಲಿ.

ಸಂದಿ ಬಂತು.

ನಾನು ಚಿಕ್ಕಣ್ಣನ ಪಕ್ಕೆಗೆ ತಿವಿದೆ. “ಹಾಕೋ ಒಂದು. ನಿನ್ನ ಗಂಟಲೇನು ಸವೆಯುತ್ತಾ? ಅವನ ಮುಖ ನೋಡೋ!” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಚಿಕ್ಕಣ್ಣ ತೊಂಗ್‌ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ತುಟಿ ಮಾತ್ರ ಬಿಗಿದೇ ಇತ್ತು. ನನ್ನಣ್ಣನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಇವನಿಗಿಂತ ಮನೆಯಲ್ಲಿ ಕೂತಿರುವ ಮಣ್ಣಿನವನೇ ವಾಸಿ ಅನ್ನಿಸಿತು.

ಸಂದಿ ದಾಟಿತು. ಗಾಳಿಪಟದವನು ತನ್ನ ದಾರದ ಕಡೆ ತಿರುಗಿಕೊಂಡ. ತೊಂಗ್ ಕಮಾನನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದ.

“ಕೆಟ್ಟದಾಗಿತ್ತು,” ಎಂದ.

“ಹೂಂ. ಕೆಟ್ಟದಾಗಿತ್ತು,” ಎಂದ ಚಿಕ್ಕಣ್ಣ.

ತೊಂಗ್ ಅವನನ್ನೇ ಬಹಳ ಹೊತ್ತು ದಿಟ್ಟಿಸಿದ. ಆಮೇಲೆ ಅವನ ಮುಖದಲ್ಲಿ ಏನೋ ಸಡಿಲವಾಯಿತು. “ಕಟುಕ ನನ್ಮಗನೇ,” ಎಂದ, ದನಿ ಒಡೆದಿತ್ತು. “ಪ್ರಾಣ ಹೋಗ್ತಾ ಇರೋ ಗೆಳೆಯನಿಗೂ ಒಂದು ಸುಳ್ಳು ಹಾವೋ ಬರಲ್ಲ ನಿನ್ನ ಬಾಯಲ್ಲಿ. ಇಲ್ಲೇ ಬರಲಿಲ್ಲ ಅಂದ್ರೆ... ಒಳಗೆ ಬಂದಿತ್ತು ಅಂದ್ಯಲ್ಲ, ಅದೂ ಸುಳ್ಳಲ್ಲ...”

“ಬಂದಿತ್ತು ಕಣೋ.”

“ಎಲ್ಲಿ?”

“ಇಳೀತಾನೆ ಅಂದ್ಕೊಂಡಾಗ ಇಳೀಲಿಲ್ವಲ್ಲ ನೀನು. ಅಲ್ಲಿ.”

ತೊಂಗ್ ನೀಲಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. ಬಟ್ಟೆಯ ತುಂಬ ಕಮಾನಿಗೆ ಹಚ್ಚುವ ರಾಳದ ಪುಡಿ. ಕಣ್ಣಿಗೆ ಹೋಗಿ ಇನ್ನಷ್ಟು ನೀರು ಸುರಿಯಿತು. ಒರೆಸಿಕೊಂಡಷ್ಟೂ ನಗುತ್ತಿದ್ದ. ನಾನು ನನ್ನ ಮಫ್ಲರ್ ಕೊಟ್ಟೆ.

ನಮ್ಮ ಬಸ್ಸು ಬಂದು ನಿಂತು ಹೋಯಿತು. ಯಾರೂ ಏಳಲಿಲ್ಲ. ತೊಂಗ್ ಪೆಟ್ಟಿಗೆ ಮುಚ್ಚದೆ, ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡ.

“ಇರಿ, ಬೆರಳು ಬೆಚ್ಚಗಾಗಲಿ,” ಎಂದ.